ಹೊಸ ಕಾರ್ಡ್, ಹಳೆ ಮಾನಿಟರ್: ಹಾಸನದ ಫೋಟೋ ಸ್ಟುಡಿಯೋ ಒಂದರ ಮೂರು ಪರದೆಗಳ ಪ್ರಕರಣ

ಹಾಸನಾಂಬ ಜಾತ್ರೆ ಮುಗಿದು ನಾಲ್ಕೈದು ದಿನ ಆಗಿತ್ತು. ಜನ, ಬಸ್ಸು, ಬ್ಯಾರಿಕೇಡ್ ಎಲ್ಲ ಕರಗಿ ಸಾಲಗಾಮೆ ರಸ್ತೆ ಮತ್ತೆ ಮೊದಲಿನ ಹಾಗಾಗಿತ್ತು. ಬೆಳಿಗ್ಗೆ ನನ್ನ ಕಂಪ್ಯೂಟರ್ ರಿಪೇರಿ ಅಂಗಡಿಯ ಷಟರ್ ಎತ್ತುತ್ತಿದ್ದಾಗಲೇ ಫೋನ್ ಬಂತು. ಫೋಟೋ ಸ್ಟುಡಿಯೋ ನಡೆಸುವ ಅಕ್ಕ.

"ಅಣ್ಣಾ, ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕ್ಸಿದೀನಿ. ದೊಡ್ಡ ಮಾನಿಟರ್ ಮಬ್ಬಾಗಿದೆ. ಚಿಕ್ಕದರಲ್ಲಿ ಡಿಸ್‌ಪ್ಲೇನೇ ಇಲ್ಲ. ಟಿವಿ ಬರುತ್ತೆ, ಆದ್ರೆ ಕಪ್ಪೆಲ್ಲ ಬೂದಿ ಥರ ಕಾಣುತ್ತೆ. ಸೋಮವಾರ ಎರಡು ಆಲ್ಬಂ ಲ್ಯಾಬ್‌ಗೆ ಹೋಗ್ಬೇಕು. ಕಾರ್ಡೇ ಡಿಫೆಕ್ಟಾ?"

ಕಂಪ್ಯೂಟರಿನಿಂದ ಪರದೆಗೆ ಚಿತ್ರ ಕಳಿಸುವ ಆ ಕಾರ್ಡ್ ಚೆನ್ನಾಗಿಯೇ ಇತ್ತು. ಮಾನಿಟರ್‌ಗಳೂ ಚೆನ್ನಾಗಿದ್ದವು. ಯಾವ ಪರದೆಯನ್ನು ಯಾವ ಪೋರ್ಟಿಗೆ (ಕೇಬಲ್ ಸಿಕ್ಕಿಸುವ ಜಾಗಕ್ಕೆ) ಕೊಟ್ಟಿದ್ದರು ಅನ್ನೋದರಲ್ಲಿ ಮಾತ್ರ ಎಡವಟ್ಟಾಗಿತ್ತು. ಇಂಥ ಕೆಲಸ ನನ್ನ ಹತ್ತಿರ ಈಗ ಆಗಾಗ ಬರುತ್ತದೆ. ಕಾರ್ಡ್ ಕೆಟ್ಟರೆ ಜನ ಹೊಸದು ತರುತ್ತಾರೆ, ಮಾನಿಟರ್ ಮಾತ್ರ ಹತ್ತು ವರ್ಷ ಹಳೆಯದೇ ಇರುತ್ತದೆ. ಅದಕ್ಕೇ ಈ ಒಂದು ಪ್ರಕರಣವನ್ನು ಪೂರ್ತಿ ಬರೆದಿಡುತ್ತಿದ್ದೇನೆ.

ಅಲ್ಲಿ ಏನೇನಿತ್ತು

ಗಂಡ ಮದುವೆ ಫೋಟೋ ತೆಗೆಯುತ್ತಾರೆ, ಹೆಂಡತಿ ಎಡಿಟ್ ಮಾಡಿ ಆಲ್ಬಂ ಕೂರಿಸುತ್ತಾರೆ. ಹಿಂದಿನ ಕೋಣೆಯಲ್ಲಿ ಒಂದೇ ಸಿಸ್ಟಂ. ನಾಲ್ಕನೇ ತಲೆಮಾರಿನ ಐ5 ಪ್ರೊಸೆಸರ್, 8 ಜಿಬಿ ರ್‍ಯಾಮ್. ಮೊದಲು ಅದರಲ್ಲಿ ಜಿಟಿಎಕ್ಸ್ 750 ಟಿಐ ಕಾರ್ಡ್ ಇತ್ತು. ಫ್ಯಾನಿಗೆ ಧೂಳು ಕಟ್ಟಿ, ತಿರುಗೋದು ನಿಂತು, ಕೊನೆಗೆ ಕಾರ್ಡೇ ಸತ್ತಿತ್ತು. ಆ ಜಾಗಕ್ಕೆ ಜಿಟಿಎಕ್ಸ್ 1650 ಬಂದಿತ್ತು. ಆಯ್ಕೆ ತಪ್ಪೇನಲ್ಲ. ಇವರು ತಂದ ಮಾಡೆಲ್‌ಗೆ ಬೇರೆ ಪವರ್ ಕೇಬಲ್ ಬೇಕಿಲ್ಲ, ಸ್ಲಾಟಿನಿಂದ ಬರುವ 75 ವ್ಯಾಟ್ ಸಾಕು. ಅವರ ಸಿಸ್ಟಂಗೆ ಕರೆಂಟ್ ಕೊಡುವ ಸಣ್ಣ ಎಸ್‌ಎಂಪಿಎಸ್‌ಗೆ ಅದೇ ಸರಿ.

ಹೊಸ ಕಾರ್ಡಿನ ಹಿಂಬದಿಯಲ್ಲಿ ಮೂರು ಪೋರ್ಟ್: ಒಂದು ಡಿವಿಐ, ಒಂದು ಎಚ್‌ಡಿಎಂಐ, ಒಂದು ಡಿಸ್‌ಪ್ಲೇಪೋರ್ಟ್. ಪರದೆಗಳೂ ಮೂರು.

ಮೊದಲನೆಯದು 27 ಇಂಚಿನ ಮಾನಿಟರ್, 2560 × 1440 ಪಿಕ್ಸೆಲ್ (ಪರದೆಯ ಚುಕ್ಕಿ). ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ತಂದದ್ದು. ಬಣ್ಣ ಈಗಲೂ ಅದ್ಭುತ. ಅಕ್ಕ ವರ್ಷಗಟ್ಟಲೆ ಇದರ ಮುಂದೆಯೇ ಕೂತು ಕೆಲಸ ಮಾಡಿದ್ದಾರೆ, ಇದರ ಬಣ್ಣಕ್ಕೆ ಅವರ ಕಣ್ಣು ಒಗ್ಗಿಹೋಗಿದೆ. ಹಿಂಬದಿಯಲ್ಲಿ ಡಿವಿಐ, ಎಚ್‌ಡಿಎಂಐ, ವಿಜಿಎ ಇವೆ. ಡಿಸ್‌ಪ್ಲೇಪೋರ್ಟ್ ಇಲ್ಲ. ಎರಡನೆಯದು 19 ಇಂಚಿನ ಚೌಕಾಕಾರದ ಹಳೆ ಮಾನಿಟರ್, 1280 × 1024, ಇದಕ್ಕಿರುವುದು ವಿಜಿಎ ಒಂದೇ. ಫೋಲ್ಡರ್, ಟೂಲ್ ಪಟ್ಟಿ, ಗಿರಾಕಿಗಳ ವಾಟ್ಸಾಪ್ ಎಲ್ಲ ಇದರಲ್ಲಿ. ಮೂರನೆಯದು ಮುಂದಿನ ಕೋಣೆಯ ಗೋಡೆಗೆ ಹಾಕಿದ 43 ಇಂಚಿನ 4ಕೆ ಟಿವಿ. ಮದುವೆ ಮನೆಯವರನ್ನು ಸೋಫಾದಲ್ಲಿ ಕೂರಿಸಿ ಆಲ್ಬಂ ತೋರಿಸೋದು ಇದರಲ್ಲೇ. 10 ಮೀಟರ್ ಎಚ್‌ಡಿಎಂಐ ಕೇಬಲ್ ಗೋಡೆಯ ಕೇಸಿಂಗ್ ಒಳಗೆ ಹೋಗಿದೆ.

ಕಾರ್ಡ್ ಕೂರಿಸಲು ಬಂದವರು ಜೋಡಿಸಿದ್ದು ಹೀಗೆ. ಡಿಸ್‌ಪ್ಲೇಪೋರ್ಟಿಗೆ ಒಂದು ಡಿವಿಐ ಕನ್ವರ್ಟರ್ ಹಾಕಿ 27 ಇಂಚಿಗೆ. ಡಿವಿಐ ಪೋರ್ಟಿಗೆ ಹಳೆ ಡಬ್ಬಿಯಲ್ಲಿದ್ದ ಪುಟ್ಟ ವಿಜಿಎ ಕನೆಕ್ಟರ್ ಸಿಕ್ಕಿಸಿ 19 ಇಂಚಿಗೆ. ಎಚ್‌ಡಿಎಂಐ ನೇರವಾಗಿ ಟಿವಿಗೆ. ನೋಡೋಕೆ ಎಲ್ಲ ಸರಿಯಾಗೇ ಇತ್ತು. ಮೂರೂ ಭದ್ರವಾಗಿ ಕೂತಿದ್ದವು.

ಮುರಿದ ನಾಲ್ಕು ಪಿನ್

ಮೊದಲು ಡಿವಿಐ ಪೋರ್ಟಿನಿಂದ ಆ ಪುಟ್ಟ ಕನೆಕ್ಟರ್ ಬಿಚ್ಚಿದೆ. ಟಾರ್ಚ್ ಹಾಕಿ ನೋಡಿದರೆ ಒಂದು ಬದಿಯ ಚಪ್ಪಟೆ ಪಟ್ಟಿಯ ಸುತ್ತ ಇರಬೇಕಾದ ನಾಲ್ಕು ಪಿನ್ ಇಲ್ಲ. ಇದ್ದ ಜಾಗದಲ್ಲಿ ಹೊಳೆಯುವ ನಾಲ್ಕು ಮೊಂಡು ತುದಿ ಮಾತ್ರ.

ಸ್ಟುಡಿಯೋದ ಹುಡುಗ ಹೇಳಿದ: "ಅದು ಒಳಗೇ ಹೋಗ್ತಿರಲಿಲ್ಲ ಅಣ್ಣ. ಬಂದಿದ್ದೋರು ನೋಸ್ ಪ್ಲೈಯರ್ ಹಾಕಿ ಮುರಿದ್ರು. ಆಮೇಲೆ ಕೂತ್ಕೊಂತು."

ಕೂತುಕೊಂಡಿತು ನಿಜ. ಆದರೆ ಮುರಿದು ಹಾಕಿದ ಆ ನಾಲ್ಕೇ ಪಿನ್ನಿನಲ್ಲಿ 19 ಇಂಚಿನ ಮಾನಿಟರಿಗೆ ಬೇಕಾದದ್ದು ಬರಬೇಕಿತ್ತು.

ಡಿವಿಐ 1999ರಲ್ಲಿ ಬಂದದ್ದು. ಆಗ ಗಾಜಿನ ದಪ್ಪ ಮಾನಿಟರ್‌ಗಳೇ ಜಾಸ್ತಿ, ತೆಳು ಪರದೆಗಳು ಆಗಷ್ಟೇ ಬರುತ್ತಿದ್ದವು. ಹಾಗಾಗಿ ಒಂದೇ ಕನೆಕ್ಟರಿನಲ್ಲಿ ಎರಡೂ ಬಗೆಯ ಸಿಗ್ನಲ್‌ಗೆ ಜಾಗ ಇಟ್ಟರು. ಸಾಲಾಗಿರುವ ಪಿನ್‌ಗಳಲ್ಲಿ ಡಿಜಿಟಲ್. ಚಪ್ಪಟೆ ಪಟ್ಟಿಯ ಸುತ್ತಲಿನ ನಾಲ್ಕು ಪಿನ್ನಿನಲ್ಲಿ ಅನಲಾಗ್: ಕೆಂಪು, ಹಸಿರು, ನೀಲಿ, ಜೊತೆಗೆ ಅಡ್ಡ ಸಾಲುಗಳ ಸಿಂಕ್ (ಸಾಲು ಎಲ್ಲಿ ಶುರು ಅಂತ ಹೇಳುವ ಸಿಗ್ನಲ್). ವಿಜಿಎ ಮಾನಿಟರಿಗೆ ಅರ್ಥವಾಗುವುದು ಈ ಅನಲಾಗ್ ಮಾತ್ರ. ಎರಡೂ ಇರುವುದಕ್ಕೆ ಡಿವಿಐ-ಐ ಅನ್ನುತ್ತಾರೆ. ಡಿಜಿಟಲ್ ಮಾತ್ರ ಇದ್ದರೆ ಡಿವಿಐ-ಡಿ. ಡಿವಿಐ-ಡಿ ಪೋರ್ಟಿನಲ್ಲಿ ಆ ನಾಲ್ಕು ತೂತೇ ಇರುವುದಿಲ್ಲ. ತಪ್ಪು ಕನೆಕ್ಟರ್ ಒಳಗೆ ಹೋಗದಿರಲಿ ಅಂತಲೇ ಹಾಗೆ ಮಾಡಿರುವುದು. ಪ್ಲೈಯರ್ ತೆಗೆದುಕೊಳ್ಳುವ ಮುಂಚೆ ಅದು ಯಾಕೆ ಹೋಗುತ್ತಿಲ್ಲ ಅಂತ ಅವರು ಒಂದು ನಿಮಿಷ ಯೋಚಿಸಬೇಕಿತ್ತು. ಆ ಒಂದು ನಿಮಿಷ ಉಳಿಸಲು ಹೋಗಿ ಅಕ್ಕನ ಎರಡು ದಿನ ಹಾಳಾಯಿತು. ಇದನ್ನು ನೋಡಿ ನನಗೆ ನಿಜವಾಗಿ ಬೇಜಾರಾಯಿತು.

ಹಳೆ 750 ಟಿಐ ಕಾರ್ಡಿನಲ್ಲಿ ಡಿವಿಐ-ಐ ಪೋರ್ಟ್ ಇತ್ತು. ಅದಕ್ಕೇ ಈ ಕನೆಕ್ಟರ್ ಇಷ್ಟು ವರ್ಷ ಕೆಲಸ ಮಾಡಿತ್ತು. ಅದರೊಳಗೆ ಚಿಪ್ ಏನೂ ಇಲ್ಲ. ಈ ಬದಿಯ ಪಿನ್ನಿಂದ ಆ ಬದಿಯ ಪಿನ್ನಿಗೆ ತಂತಿ, ಅಷ್ಟೇ. 2010ರ ಡಿಸೆಂಬರಿನಲ್ಲೇ ಇಂಟೆಲ್, ಎಎಂಡಿ, ಡೆಲ್, ಲೆನೊವೊ, ಸ್ಯಾಮ್‌ಸಂಗ್, ಎಲ್‌ಜಿ ಸೇರಿ, 1987ರಿಂದ ನಡೆದುಬಂದ ವಿಜಿಎಯನ್ನು ಹಂತಹಂತವಾಗಿ ಬಿಡುವುದಾಗಿ ಹೇಳಿದ್ದವು. ಎನ್‌ವಿಡಿಯಾದ 10ರ ಸರಣಿಯ ಜಿಟಿಎಕ್ಸ್ ಕಾರ್ಡುಗಳು 2016ರಲ್ಲಿ ಬಂದಾಗ ಅವುಗಳ ಡಿವಿಐನಲ್ಲಿ ಅನಲಾಗ್ ಇರಲಿಲ್ಲ. 2019ರ 1650ರಲ್ಲೂ ಇಲ್ಲ. ಹುಡುಗನಿಗೆ ಹೀಗೆ ಹೇಳಿದೆ: "ಟ್ಯಾಂಕಲ್ಲೇ ನೀರಿಲ್ಲ ಕಣೋ. ನಲ್ಲಿ ಎಷ್ಟು ಬಿಗಿಯಾಗಿ ಕೂರಿಸಿದ್ರೂ ಏನು ಬರುತ್ತೆ?"

ಈ ಕಾರ್ಡಿನಿಂದ ವಿಜಿಎ ಮಾನಿಟರಿಗೆ ಚಿತ್ರ ಹೋಗಬೇಕು ಅಂದರೆ ನಡುವೆ ಚಿಪ್ ಇರುವ ಕನ್ವರ್ಟರ್ ಬೇಕೇ ಬೇಕು.

ಇಟ್ಟಿಗೆ ಗೆರೆಗಳು

27 ಇಂಚಿನ ಪರದೆಯಲ್ಲಿ ಪ್ರಿವೆಡ್ಡಿಂಗ್ ಫೋಟೋ ಒಂದು ತೆರೆದಿತ್ತು. ಶೆಟ್ಟಿಹಳ್ಳಿಯ ಪಾಳು ಚರ್ಚ್, ಹಿಂದೆ ಹೇಮಾವತಿ ಹಿನ್ನೀರು, ಮುಂದೆ ಹುಡುಗ ಹುಡುಗಿ. ಆ ಚರ್ಚಿನ ಗಾರೆ ಉದುರಿ ಒಳಗಿನ ಇಟ್ಟಿಗೆ ಎದ್ದು ಕಾಣುತ್ತದೆ, ಅಲ್ವಾ? ಈ ಪರದೆಯಲ್ಲಿ ಆ ಇಟ್ಟಿಗೆಗಳ ನಡುವಿನ ಗೆರೆಗಳೆಲ್ಲ ಒಂದಕ್ಕೊಂದು ಅಂಟಿಕೊಂಡ ಹಾಗಿದ್ದವು. ಒದ್ದೆ ಬಟ್ಟೆಯಲ್ಲಿ ಒರೆಸಿದ ಹಾಗೆ.

ಡಿಸ್‌ಪ್ಲೇ ಸೆಟ್ಟಿಂಗ್ ತೆರೆದೆ. 1920 × 1080ರಲ್ಲಿ ಓಡುತ್ತಿತ್ತು. ಪಟ್ಟಿಯಲ್ಲಿ ಅತಿ ಹೆಚ್ಚು ಅಂದರೆ 1920 × 1200. ಈ ಮಾನಿಟರಿನ ಸ್ವಂತ ಅಳತೆಯಾದ 2560 × 1440 ಪಟ್ಟಿಯಲ್ಲೇ ಇರಲಿಲ್ಲ.

ಕಾರಣ ಆ ಡಿಸ್‌ಪ್ಲೇಪೋರ್ಟ್ ಕನ್ವರ್ಟರ್. ಅಂಗಡಿಗಳಲ್ಲಿ ಕಮ್ಮಿ ದುಡ್ಡಿಗೆ ಸಿಗುವ ಇಂಥವು ಚಿತ್ರವನ್ನು ತಾವೇ ಬದಲಾಯಿಸುವುದಿಲ್ಲ. ಡಿವಿಐ ಮಾನಿಟರ್ ಸಿಕ್ಕಿದೆ ಅಂತ ಕಾರ್ಡಿಗೆ ತಿಳಿಸುತ್ತವೆ. ಆಗ ಕಾರ್ಡೇ ಆ ಪೋರ್ಟಿನಲ್ಲಿ ಡಿವಿಐ ಬಗೆಯ ಸಿಗ್ನಲ್ ಕಳಿಸುತ್ತದೆ. ಡಿಸ್‌ಪ್ಲೇಪೋರ್ಟಿನಲ್ಲಿ ಚಿತ್ರಕ್ಕೆ ಇರುವುದು ನಾಲ್ಕು ಜೋಡಿ ತಂತಿ. ಮೂರು ಬಣ್ಣಕ್ಕೆ ಮೂರು ಜೋಡಿ, ಗಡಿಯಾರದ ಸಿಗ್ನಲ್‌ಗೆ ಒಂದು ಜೋಡಿ, ಅಲ್ಲಿಗೆ ಮುಗಿಯಿತು. ಇಷ್ಟರಲ್ಲಿ ಆಗುವುದು ಸಿಂಗಲ್ ಲಿಂಕ್ ಡಿವಿಐ. ಅದರ ಮಿತಿ 165 ಮೆಗಾಹರ್ಟ್ಸ್, ಅಂದರೆ ಸೆಕೆಂಡಿಗೆ 16.5 ಕೋಟಿ ಪಿಕ್ಸೆಲ್. 1920 × 1200 ಚಿತ್ರ ಸೆಕೆಂಡಿಗೆ 60 ಸಲ ಹೋಗಲು ಅದು ಸಾಕು. 2560 × 1440ಕ್ಕೆ ಸುಮಾರು 241 ಮೆಗಾಹರ್ಟ್ಸ್ ಬೇಕು. ಅದಕ್ಕೆ ಡ್ಯುಯಲ್ ಲಿಂಕ್ ಬೇಕು, ಅಂದರೆ ಬಣ್ಣಕ್ಕೇ ಆರು ಜೋಡಿ ತಂತಿ.

ಮಬ್ಬಾಗಿ ಕಂಡದ್ದರಿಂದ ಕೆಲಸಕ್ಕೆ ಏನಾಯಿತು ಅನ್ನೋದು ಇನ್ನೂ ಮುಖ್ಯ. ಚಿತ್ರದ ಒಂದು ಪಿಕ್ಸೆಲ್ ಪರದೆಯ ಒಂದೂ ಕಾಲಿಗಿಂತ ಜಾಸ್ತಿ ಪಿಕ್ಸೆಲ್ ಮೇಲೆ ಹರಡುತ್ತಿತ್ತು. ಫೋಟೋನೇ ಮಬ್ಬಾಗಿದೆ ಅಂದುಕೊಂಡು ಅಕ್ಕ ಎರಡು ದಿನದಿಂದ ಶಾರ್ಪ್‌ನೆಸ್ ಏರಿಸುತ್ತಾ ಬಂದಿದ್ದರು. ಅದು ಹಾಗೇ ಲ್ಯಾಬ್‌ಗೆ ಹೋಗಿ ಪ್ರಿಂಟ್ ಆಗಿದ್ದರೆ ಮದುಮಗಳ ಮುಖದ ಮೇಲೆ ಪ್ರತಿ ಕೂದಲಿನ ಅಂಚಿಗೂ ಬಿಳಿ ಗೆರೆ ಬಂದಿರುತ್ತಿತ್ತು. ಯಾರದೋ ಮದುವೆಯ ಆಲ್ಬಂ ಅದು. ಇನ್ನೊಂದು ಸಲ ತೆಗೆಯೋಕೆ ಆಗುವ ಫೋಟೋಗಳಲ್ಲ.

27 ಇಂಚಿನ ಎಚ್‌ಡಿಎಂಐ ಬಳಸಬಹುದೇ ಅಂತ ಮೊದಲು ನೋಡಿದೆ. ನನ್ನ ಬ್ಯಾಗಿನಲ್ಲಿದ್ದ ಒಳ್ಳೆ ಕೇಬಲ್ ಹಾಕಿದೆ. ಈ ಮಾನಿಟರಿನ ಎಚ್‌ಡಿಎಂಐ 1920 × 1080ಕ್ಕಿಂತ ಮೇಲೆ ಹೋಗಲಿಲ್ಲ. ಆ ಕಾಲದ ಕೆಲವು ದೊಡ್ಡ ಮಾನಿಟರ್‌ಗಳು ಹಾಗೇ. ಅಂದಮೇಲೆ ಇದಕ್ಕೆ ಉಳಿದ ದಾರಿ ಡಿವಿಐ ಒಂದೇ. ಇಡೀ ಕಾರ್ಡಿನಲ್ಲಿ ಡ್ಯುಯಲ್ ಲಿಂಕ್ ಕೊಡುವ ಒಂದೇ ಒಂದು ಪೋರ್ಟಿದೆ, ಅದರ ಬಾಯಿಗೆ ಪಿನ್ ಮುರಿದ ಕನೆಕ್ಟರ್ ತುರುಕಿದ್ದರು.

ಕನ್ವರ್ಟರ್ ತೆಗೆದೆ. 27 ಇಂಚಿನ ಡಿವಿಐ ಕೇಬಲನ್ನು ನೇರವಾಗಿ ಕಾರ್ಡಿನ ಡಿವಿಐಗೆ ಹಾಕಿದೆ. ಈ ಸಲ 2560 × 1440 ಪಟ್ಟಿಯಲ್ಲಿ ಬಂತು. ಅಕ್ಕನ ಮುಖ ಅರಳಿತು. ಆರಿಸಿದೆ. ಪರದೆ ಕಪ್ಪಾಯಿತು. ಹದಿನೈದು ಸೆಕೆಂಡ್ ಆದಮೇಲೆ ವಿಂಡೋಸ್ ತಾನೇ ಹಳೆ ಅಳತೆಗೆ ವಾಪಸ್ ಬಂತು.

ಇಲ್ಲಿ ಎಷ್ಟೋ ಜನ ಮಾನಿಟರ್ ಹೋಯಿತು ಅಂತ ಕೈ ಬಿಡುತ್ತಾರೆ. ಆದರೆ ಪಟ್ಟಿಯಲ್ಲಿ ಬಂದು ಪರದೆಯಲ್ಲಿ ಬರದಿದ್ದದ್ದೇ ದೊಡ್ಡ ಸುಳಿವು. ಮಾನಿಟರ್ ತನ್ನ ಅಳತೆ ಏನು ಅಂತ ಕೇಬಲಿನ ಬೇರೆ ಸಣ್ಣ ತಂತಿಗಳ ಮೂಲಕ ಕಾರ್ಡಿಗೆ ಹೇಳುತ್ತದೆ. ಆ ಮಾತು ತಲುಪಿದೆ. ತಾನು ಡ್ಯುಯಲ್ ಲಿಂಕ್ ಕೊಡಬಲ್ಲೆ ಅಂತ ಕಾರ್ಡಿಗೂ ಗೊತ್ತು. ನಡುವಿನ ಕೇಬಲ್ ಎಂಥದ್ದು ಅಂತ ಮಾತ್ರ ಯಾರೂ ಕಾರ್ಡಿಗೆ ಹೇಳುವುದಿಲ್ಲ. ಡ್ಯುಯಲ್ ಲಿಂಕಿನಲ್ಲಿ ಒಂದು ಬಿಟ್ಟು ಒಂದು ಪಿಕ್ಸೆಲ್ ಎರಡನೇ ಗುಂಪಿನ ತಂತಿಗಳಲ್ಲಿ ಹೋಗುತ್ತದೆ. ಆ ತಂತಿಗಳೇ ಇಲ್ಲದಿದ್ದರೆ ಮಾನಿಟರಿಗೆ ಸಿಗುವುದು ಅರ್ಧ ಚಿತ್ರ.

ಕೇಬಲ್ ಬಿಚ್ಚಿ ತುದಿ ನೋಡಿದೆ. ಪೂರ್ತಿ ಇರುವ ಡಿವಿಐ-ಡಿ ಕೇಬಲಿನಲ್ಲಿ ಎಂಟೆಂಟರ ಮೂರು ಸಾಲು, ಒಟ್ಟು 24 ಪಿನ್. ಇದರಲ್ಲಿ 18. ಎಡಕ್ಕೊಂದು ಗುಂಪು, ಬಲಕ್ಕೊಂದು ಗುಂಪು, ನಡುವೆ ಖಾಲಿ. ಬಾಯಲ್ಲಿ ಮುಂದಿನ ಹಲ್ಲು ಬಿದ್ದ ಹಾಗೆ. ಸಿಂಗಲ್ ಲಿಂಕ್ ಕೇಬಲ್.

"ಮೊದಲಿಂದ ಇದೇ ಕೇಬಲ್ ಇತ್ತಾ ಅಕ್ಕ?"

"ಇಲ್ಲ ಅಣ್ಣ, ಹಳೇದು ಭಾರಿ ದಪ್ಪ ಇತ್ತು. ಬಗ್ಗೋದೇ ಇಲ್ಲ ಅಂತ ತೆಗೆದು ಹೊಸದು ಹಾಕಿದ್ರು."

ಹಳೇದು ಎಲ್ಲಿ ಅಂತ ಕೇಳಿದರೆ ಮೆಟ್ಟಿಲ ಕೆಳಗಿನ ಗೋಣಿಚೀಲದಲ್ಲಿ, ಸತ್ತ ಕಾರ್ಡಿನ ಜೊತೆ ಗುಜರಿಗೆ ಕಾಯುತ್ತಿತ್ತು. ಹುಡುಗ ಓಡಿ ತಂದ. ಧೂಳು ಒರೆಸಿ ಎಣಿಸಿದೆ. 24. ಎರಡು ಕಡೆಯ ಸ್ಕ್ರೂ ಬಿಗಿದು ಆನ್ ಮಾಡಿದೆ. 2560 × 1440 ಬಂತು, ನಿಂತಿತು. ಅದೇ ಫೋಟೋ ತೆರೆದರು. ಚರ್ಚಿನ ಒಂದೊಂದು ಇಟ್ಟಿಗೆಯೂ ಬಿಡಿಬಿಡಿಯಾಗಿ ಕಂಡಿತು. ಅಕ್ಕ ಏನೂ ಮಾತಾಡಲಿಲ್ಲ. ಝೂಮ್ ಮಾಡಿ ಹುಡುಗಿಯ ಮುಖ ನೋಡಿದರು. ಎರಡು ದಿನದ ಶಾರ್ಪ್‌ನೆಸ್ ಎಲ್ಲ ವಾಪಸ್ ತೆಗೆಯೋಕೆ ಶುರು ಮಾಡಿದರು.

19 ಇಂಚಿಗೆ ತಾತ್ಕಾಲಿಕ ದಾರಿ, ಆಮೇಲೆ ಸರಿಯಾದ ದಾರಿ

ಈಗ ಡಿಸ್‌ಪ್ಲೇಪೋರ್ಟ್ ಖಾಲಿಯಾಯಿತು. ಡಿಸ್‌ಪ್ಲೇಪೋರ್ಟಿನಿಂದ ವಿಜಿಎಗೆ ಹೋಗುವ ಕನ್ವರ್ಟರ್ ನನ್ನ ಹತ್ತಿರ ಇರಲಿಲ್ಲ. ಬಿ.ಎಂ. ರಸ್ತೆಯ ಎರಡು ಅಂಗಡಿಗೆ ಫೋನ್ ಮಾಡಿದೆ, ಅಲ್ಲೂ ಇಲ್ಲ. ಒಂದು ಕಡೆ "ವಿಜಿಎ ಎಚ್‌ಡಿಎಂಐ ಕನ್ವರ್ಟರ್ ಇದೆ, ಬೇಕಾ" ಅಂದರು. ಇದರಲ್ಲಿ ತುಂಬ ಜನ ಮೋಸ ಹೋಗುತ್ತಾರೆ. ಕನ್ವರ್ಟರ್‌ಗಳಿಗೆ ದಿಕ್ಕು ಇದೆ. ಸಿಸ್ಟಂ ಕಡೆ ವಿಜಿಎ, ಟಿವಿ ಕಡೆ ಎಚ್‌ಡಿಎಂಐ ಇರುವುದೇ ಬೇರೆ ವಸ್ತು. ಸಿಸ್ಟಂ ಕಡೆ ಎಚ್‌ಡಿಎಂಐ, ಮಾನಿಟರ್ ಕಡೆ ವಿಜಿಎ ಇರುವುದೇ ಬೇರೆ. ಒಂದನ್ನು ತಿರುಗಿಸಿ ಹಾಕಿದರೆ ಇನ್ನೊಂದಾಗುವುದಿಲ್ಲ. ಅಂಗಡಿಯಲ್ಲಿ ಕೇಳುವಾಗ "ಸಿಸ್ಟಂನಲ್ಲಿ ಇದಿದೆ, ಮಾನಿಟರಲ್ಲಿ ಅದಿದೆ" ಅಂತ ಎರಡೂ ಹೇಳಬೇಕು.

ಸರಕು ಬರುವ ತನಕ ಸುಮ್ನೆ ಕೂರೋದು ಬೇಡ ಅಂತ ಮದರ್‌ಬೋರ್ಡ್ ನೋಡಿದೆ. ಅದರಲ್ಲೇ ಒಂದು ವಿಜಿಎ ಪೋರ್ಟ್ ಇತ್ತು, ಪ್ರೊಸೆಸರಿನಲ್ಲಿ ಗ್ರಾಫಿಕ್ಸೂ ಇತ್ತು. ಅಕ್ಕ ಮೊದಲೇ ಅಲ್ಲಿ ಸಿಕ್ಕಿಸಿ ನೋಡಿದ್ದರಂತೆ, ಬಂದಿರಲಿಲ್ಲ. ಬೇರೆ ಕಾರ್ಡ್ ಕಂಡ ತಕ್ಷಣ ಇಂಥ ಬೋರ್ಡುಗಳು ಒಳಗಿನ ಗ್ರಾಫಿಕ್ಸನ್ನು ಮಲಗಿಸಿಬಿಡುತ್ತವೆ. ಬಯೋಸ್‌ಗೆ (ವಿಂಡೋಸ್ ಶುರುವಾಗುವ ಮುಂಚಿನ ಸೆಟ್ಟಿಂಗ್ ಪುಟಕ್ಕೆ) ಹೋಗಿ ಎರಡೂ ಒಟ್ಟಿಗೆ ನಡೆಯುವ ಆಯ್ಕೆ ಆನ್ ಮಾಡಿದೆ. ವಿಂಡೋಸ್ ತೆರೆದಾಗ 19 ಇಂಚು ಬೆಳಗಿತು. ಪೈಸೆ ಖರ್ಚಿಲ್ಲ. ಹಾಗೇ ಬಿಡಬಹುದಿತ್ತು. ಆದರೆ ಒಳಗಿನ ಗ್ರಾಫಿಕ್ಸ್ ಮೆಮೊರಿಯನ್ನು ಇದ್ದ 8 ಜಿಬಿಯಲ್ಲೇ ಹಂಚಿಕೊಳ್ಳುತ್ತದೆ. ಆಲ್ಬಂನ ದೊಡ್ಡ ಫೈಲ್ ತೆರೆದಾಗ ಮೊದಲೇ ಏದುಸಿರು ಬಿಡುವ ಸಿಸ್ಟಂ ಅದು. ಮೂರು ದಿನದ ಮಟ್ಟಿಗೆ ಸಾಕು ಅಂತ ಬಿಟ್ಟೆ. ಪ್ರೊಸೆಸರ್ ಹೆಸರಿನ ಕೊನೆಯಲ್ಲಿ 'ಎಫ್' ಇರುವ ಇಂಟೆಲ್ ಆಗಿದ್ದರೆ ಈ ದಾರಿಯೂ ಇರುತ್ತಿರಲಿಲ್ಲ, ಅವುಗಳಲ್ಲಿ ಗ್ರಾಫಿಕ್ಸ್ ಇರುವುದೇ ಇಲ್ಲ.

ಕನ್ವರ್ಟರ್ ಬೆಂಗಳೂರಿನ ಎಸ್‌.ಪಿ. ರಸ್ತೆಯಿಂದ ಬಸ್ ಪಾರ್ಸಲಿನಲ್ಲಿ ಬಂತು. ಸುಮಾರು 600 ರೂಪಾಯಿ. ಇದರೊಳಗೆ ಚಿಪ್ ಇದೆ, ಡಿಜಿಟಲ್ ತಗೊಂಡು ಅನಲಾಗ್ ಮಾಡಿ ಕೊಡುತ್ತದೆ. ಅದಕ್ಕೆ ಬೇಕಾದ ಕರೆಂಟು ಡಿಸ್‌ಪ್ಲೇಪೋರ್ಟಿನ 3.3 ವೋಲ್ಟ್ ಪಿನ್ನಿನಿಂದಲೇ ಸಿಗುತ್ತದೆ, ಬೇರೆ ಚಾರ್ಜರ್ ಬೇಡ. ಮುಟ್ಟಿದರೆ ಬೆಚ್ಚಗಿರುತ್ತದೆ, ಅದಕ್ಕೆ ಹೆದರಬೇಕಿಲ್ಲ ಅಂತ ಅಕ್ಕನಿಗೆ ಹೇಳಿದೆ. 1280 × 1024 ಸರಿಯಾಗಿ ಬಂತು. ಬಯೋಸನ್ನು ಮೊದಲಿನ ಹಾಗೆ ಮಾಡಿದೆ.

ಟಿವಿಯ ಬೂದಿ ಕಪ್ಪು

ಇದು ಐದು ನಿಮಿಷದ ಕೆಲಸ, ಆದರೆ ಫೋಟೋದವರಿಗೆ ತುಂಬ ಮುಖ್ಯ. ಟಿವಿ ಕಾರ್ಯಕ್ರಮಗಳ ಲೆಕ್ಕದಲ್ಲಿ ಕಪ್ಪು ಅಂದರೆ 16, ಬಿಳಿ ಅಂದರೆ 235. ಕಂಪ್ಯೂಟರ್ ಲೆಕ್ಕದಲ್ಲಿ 0 ಮತ್ತು 255. ಕಾರ್ಡ್ ಮೊದಲನೇ ಲೆಕ್ಕದಲ್ಲಿ ಕಳಿಸಿ, ಟಿವಿ ಎರಡನೇ ಲೆಕ್ಕದಲ್ಲಿ ಓದಿದರೆ ಕಪ್ಪು ಕೋಟು ಬೂದಿಯಾಗುತ್ತದೆ, ರೇಷ್ಮೆ ಸೀರೆ ಕಳೆಗುಂದುತ್ತದೆ. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನ ರೆಸಲ್ಯೂಶನ್ ಪುಟದಲ್ಲಿ ಡೈನಾಮಿಕ್ ರೇಂಜ್ ಅಂತ ಇರುತ್ತದೆ. 'ಲಿಮಿಟೆಡ್' ಇತ್ತು, 'ಫುಲ್' ಮಾಡಿದೆ. ಮದುಮಗನ ಕೋಟು ಕಪ್ಪಾಯಿತು.

4ಕೆ ಇಟ್ಟಾಗ ಮಾತ್ರ ಆಗಾಗ ಒಂದೆರಡು ಸೆಕೆಂಡ್ ಪರದೆ ಹೋಗಿ ಬರುತ್ತಿತ್ತು. ಕಾರ್ಡಿನ ಎಚ್‌ಡಿಎಂಐ 4ಕೆಯನ್ನು ಸೆಕೆಂಡಿಗೆ 60 ಸಲ ಕೊಡುತ್ತದೆ, ಗೋಡೆಯೊಳಗಿನ 10 ಮೀಟರ್ ಹಳೆ ಕೇಬಲ್ ಅಷ್ಟನ್ನು ತಡೆದುಕೊಳ್ಳುತ್ತಿಲ್ಲ. 30ಕ್ಕೆ ಇಳಿಸಿದೆ, ನಿಂತಿತು. ಮೌಸ್ ಸ್ವಲ್ಪ ನಿಧಾನವಾದ ಹಾಗೆ ಅನ್ನಿಸುತ್ತದೆ, ಆದರೆ ನಿಂತ ಫೋಟೋ ತೋರಿಸಲು ಏನೂ ತೊಂದರೆ ಇಲ್ಲ. ಗೋಡೆ ಒಡೆದು ಕೇಬಲ್ ಬದಲಾಯಿಸಿ ಅನ್ನಲು ನನಗೆ ಮನಸ್ಸು ಬರಲಿಲ್ಲ.

ಕೊನೆಗೆ ಆದದ್ದು

ಮೊದಲು ಬಂದವರು 27 ಇಂಚಿನ ಮಾನಿಟರ್ ಹಳೇದಾಯಿತು, ಹೊಸದು ತಗೊಳ್ಳಿ ಅಂದಿದ್ದರಂತೆ. ಅಕ್ಕ ಸಾಲ ಕೇಳಲೂ ಶುರು ಮಾಡಿದ್ದರು. ಕೊನೆಗೆ ಖರ್ಚಾದದ್ದು ಆ 600 ರೂಪಾಯಿ, ಪಾರ್ಸಲ್ ಚಾರ್ಜು ಮತ್ತು ನನ್ನ ಕೂಲಿ. ಆಲ್ಬಂ ಸೋಮವಾರದ ಬದಲು ಬುಧವಾರ ಹೋಯಿತು. ಡಿಸ್‌ಪ್ಲೇಪೋರ್ಟ್-ಡಿವಿಐ ಕನ್ವರ್ಟರ್ ಕೆಟ್ಟದ್ದಲ್ಲ, 1920 × 1080 ಮಾನಿಟರ್ ಯಾವುದಾದರೂ ಬಂದರೆ ಆಗುತ್ತದೆ ಅಂತ ಇಟ್ಟುಕೊಳ್ಳಲು ಹೇಳಿದೆ. ಪಿನ್ ಮುರಿದ ಕನೆಕ್ಟರನ್ನು ನಾನು ಕೇಳಿ ತಂದಿದ್ದೇನೆ. ನನ್ನ ಹತ್ತಿರ ಕೆಲಸ ಕಲಿಯುವ ಹುಡುಗರಿಗೆ ತೋರಿಸಲು ಬೇಕು.

ಈ ಪ್ರಕರಣದ ನಂತರ ನಾನು ಒಂದು ರೂಢಿ ಮಾಡಿಕೊಂಡಿದ್ದೇನೆ. ಯಾರಾದರೂ ಕಾರ್ಡ್ ತರುತ್ತೇನೆ ಅಂದರೆ ಮೊದಲು ಪ್ರತಿ ಮಾನಿಟರಿನ ಹಿಂಬದಿಯ ಫೋಟೋ ವಾಟ್ಸಾಪ್ ಮಾಡಿ ಅನ್ನುತ್ತೇನೆ. ಆಮೇಲೆ ಕೇಬಲ್ ತುದಿಗಳದ್ದು. ಯಾವ ಮಾನಿಟರಿಗೆ ದಾರಿ ಒಂದೇ ಇದೆಯೋ ಅದಕ್ಕೆ ಮೊದಲು ಪೋರ್ಟ್ ಕೊಡುತ್ತೇನೆ. ಎಲ್ಲಿ ಬೇಕಾದರೂ ಹೊಂದಿಕೊಳ್ಳುವಂಥದ್ದು ಕೊನೆಗೆ. ಇಲ್ಲಿ 27 ಇಂಚಿಗೆ ಡಿವಿಐ ಬಿಟ್ಟರೆ ಗತಿ ಇರಲಿಲ್ಲ. 19 ಇಂಚು ಕನ್ವರ್ಟರ್ ಇದ್ದರೆ ಯಾವ ಪೋರ್ಟಿಗಾದರೂ ಒಗ್ಗುತ್ತಿತ್ತು.

ಹೊರಡುವ ಮುಂಚೆ ಅಕ್ಕ ಕೇಳಿದರು: "ಮುಂದೆ ಈ ಕಾರ್ಡೂ ಹೋದ್ರೆ?"

ಈಗ ಬರುವ ಹೆಚ್ಚಿನ ಕಾರ್ಡುಗಳಲ್ಲಿ ಡಿವಿಐ ಇಲ್ಲ, ಬರೀ ಡಿಸ್‌ಪ್ಲೇಪೋರ್ಟ್, ಎಚ್‌ಡಿಎಂಐ. ಆಗ 27 ಇಂಚಿಗೆ ಡ್ಯುಯಲ್ ಲಿಂಕ್ ಕೊಡುವ, ಚಿಪ್ ಇರುವ ಕನ್ವರ್ಟರ್ ತರಬೇಕು. ಅದು ಯುಎಸ್‌ಬಿಯಿಂದ ಕರೆಂಟ್ ತಗೊಳ್ಳುತ್ತದೆ, ಬೆಲೆ ಸಾವಿರಗಳಲ್ಲಿದೆ. ಆ ದುಡ್ಡು ಹಾಕುವ ಬದಲು ಅವತ್ತು ಹೊಸ ಮಾನಿಟರ್ ನೋಡೋಣ ಅಂದೆ. ಅಕ್ಕ ತಲೆಯಾಡಿಸಿದರು. ನಾನು ಬ್ಯಾಗ್ ಎತ್ತಿಕೊಳ್ಳುವಷ್ಟರಲ್ಲಿ ಬಿಳಿ ಸ್ಟಿಕರ್ ಮೇಲೆ ಬರೆದು ಆ ದಪ್ಪ ಕೇಬಲಿನ ಎರಡೂ ತುದಿಗೆ ಅಂಟಿಸುತ್ತಿದ್ದರು: "27 ಇಂಚು. 24 ಪಿನ್. ಯಾರೂ ಬದಲಾಯಿಸಬೇಡಿ."